ಉದ್ದ ಸೀಟಿ ಅಂದರೆ ಪರದೆ

ಫುರ್ರ್ ಎಂದು ಒಂದು ಗಿಡ್ಡ ಸೀಟಿ. ಅರೆಕ್ಷಣ ಏನೂ ಇಲ್ಲ. ಆಮೇಲೆ ನೂರಾರು ಕಾಲುಗಳು ಒಮ್ಮೆಲೇ ನೆಲಕ್ಕೆ ಬಡಿದ ಸದ್ದು. ಬೆಳಗಿನ ಹತ್ತಕ್ಕೆ ಇಷ್ಟು ಕೇಳಿತೆಂದರೆ ನಮ್ಮ ಶಾಲೆಯ ಬೇವಿನ ಮರದ ಗಿಳಿಗಳು ಎದ್ದು ಹಾರುತ್ತಿದ್ದವು, ಗೇಟಿನ ಬಳಿ ಪೇರಲಹಣ್ಣು ಮಾರುವ ಅಜ್ಜಿ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು, ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದ ನಾನು, ಐವತ್ತು ದಾಟಿದ ಹೆಂಗಸು, ಯಾಕೋ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ. ಹೋದ ತಿಂಗಳು ನಮ್ಮ ಪಿ.ಟಿ. ಸರ್ ತೀರಿಕೊಂಡರೆಂದು ಫೋನ್ ಬಂದಾಗ ಅವರ ಮುಖಕ್ಕಿಂತ ಮೊದಲು ನೆನಪಾದದ್ದು ಆ ಸೀಟಿ. ಎಂಬತ್ತರ ಹತ್ತಿರವಾಗುತ್ತಿರುವ ನನ್ನ ಅಕ್ಕ ಪಕ್ಕದಲ್ಲಿದ್ದಳು. "ಯಾಕೆ ಹಿಂಗೆ ಸೆಟೆದು ಕೂತಿ?" ಎಂದು ಕೇಳಿದಳು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ನವಲಗುಂದದಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಮಕ್ಕಳಿಗೆ ಅವರು ಸೀಟಿ ಸರ್, ನನಗೆ ಪಿ.ಟಿ. ಸರ್. ಕುಳ್ಳ ಆಳು, ಅಗಲ ಭುಜ, ದಿನಾ ಬಿಳಿ ಬಳಿದ ಕ್ಯಾನ್ವಾಸ್ ಶೂ. ಮಳೆಗಾಲದಲ್ಲಿ ನಮ್ಮ ಊರಿನ ಎರೆಮಣ್ಣು ಆ ಶೂಗಳಿಗೆ ಒಂದೊಂದು ಸೇರು ಮೆತ್ತಿಕೊಳ್ಳುತ್ತಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಕಡ್ಡಿಯಿಂದ ಅದನ್ನು ಕೆರೆದು ತೆಗೆಯುತ್ತ, "ನಮ್ಮ ಗ್ರೌಂಡ್ ಭಾಳ ಪ್ರೀತಿ ಮಾಡ್ತೇತ್ರಿ, ಬಿಡೂದ ಇಲ್ಲ" ಅನ್ನುತ್ತಿದ್ದರು. ಕೊರಳಲ್ಲಿ ಸ್ಟೀಲಿನ ಸೀಟಿ, ಅದಕ್ಕೆ ಜಮಖಾನ ನೇಯುವ ಕೆಂಪು ನೂಲಿನ ಹಗ್ಗ. ಯಾರೋ ವಿದ್ಯಾರ್ಥಿನಿಯ ತಾಯಿ ಹೆಣೆದು ಕೊಟ್ಟಿದ್ದಂತೆ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ನವಲಗುಂದಕ್ಕೆ ಬಂದು ಅಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆದೆ. ಸಿಸ್ಟರ್‌ಗಳು ಕಲಿಸಿದ ಪ್ರಕಾರ ಮಕ್ಕಳು ನನ್ನನ್ನು 'ಮಿಸ್' ಅನ್ನಬೇಕೆಂದು ಮೊದಲ ವರ್ಷ ಬಹಳ ಹಟ ಮಾಡಿದೆ. ಪಿ.ಟಿ. ಸರ್ ಒಂದೇ ಸಲ 'ಅಕ್ಕೋರ' ಅಂದರು, ಇಡೀ ಶಾಲೆ 'ಅಕ್ಕೋರ' ಅಂದಿತು, ನನ್ನ 'ಮಿಸ್' ಅಲ್ಲಿಗೇ ಮುಗಿಯಿತು. ಆಗ ಸಿಟ್ಟು ಬಂದಿತ್ತು. ಈಗ ಹುಬ್ಬಳ್ಳಿಯಲ್ಲಿ ತರಕಾರಿಯವನೂ 'ಮ್ಯಾಡಮ್' ಅನ್ನುವಾಗ ಆ ಅಕ್ಕೋರ ಎಂಬ ಕೂಗನ್ನು ಎಷ್ಟು ಮಿಸ್ ಮಾಡಿಕೊಳ್ಳುತ್ತೇನೆಂದು ಹೇಳಲಾರೆ.

ಪಿ.ಟಿ. ಸರ್ ಮಕ್ಕಳ ನಡಿಗೆ ನೋಡಿ ಅವರ ಮನೆಯ ಸುದ್ದಿ ಹೇಳುತ್ತಿದ್ದರು. ಓಟದ ಮಧ್ಯೆ ಒಬ್ಬಳನ್ನು ಕರೆದು, "ಮುಂಜಾನೆ ಏನ ತಿಂದಿವಾ?" ಎಂದು ಕೇಳುವುದು, ಆಕೆ "ಉಂಡೀನ್ರಿ" ಎಂದು ಸುಳ್ಳು ಹೇಳುವುದು, ಇವರು, "ಹಂಗಾರ ಅಡಿಗಿ ಮನಿಗೆ ಹೋಗಿ ಸಾರಿಗೆ ಉಪ್ಪ ಸರಿ ಐತೇನ್ ನೋಡಿ ಬಾ, ಒಂದ ತಾಟ ಅನ್ನ ಹಾಕ್ಕೊಂಡ ನೋಡು" ಎಂದು ಬಿಸಿಯೂಟದ ಕೋಣೆಗೆ ಕಳಿಸುವುದು. ಸಾರಿನ ಉಪ್ಪು ನೋಡುವ ಈ ಕೆಲಸ ವಾರಕ್ಕೆ ನಾಲ್ಕು ಮಕ್ಕಳಿಗಾದರೂ ಸಿಗುತ್ತಿತ್ತು.

ಗಣಿತದವರು, ವಿಜ್ಞಾನದವರು, ನಿಜ ಹೇಳಬೇಕೆಂದರೆ ನಾನೂ, ಪೋರ್ಷನ್ ಮುಗಿದಿಲ್ಲವೆಂದು ಅವರ ಪಿ.ಟಿ. ಪೀರಿಯಡ್ ಕೇಳುತ್ತಿದ್ದೆವು. "ತಗೋರಿ" ಅನ್ನುತ್ತಿದ್ದರು. ಒಂದೇ ಷರತ್ತು: ತರಗತಿಯ ಹೊರಗೆ ಯಾರನ್ನೂ ನಿಲ್ಲಿಸಬಾರದು. ತಮ್ಮ ಖೋಖೋ ತಂಡದಲ್ಲೂ ಎಕ್ಸ್ಟ್ರಾ ಆಟಗಾರರನ್ನು ಸರದಿಯ ಪ್ರಕಾರ ಇಳಿಸುತ್ತಿದ್ದರು. ಅದರಿಂದ ತಾಲೂಕು ಮಟ್ಟದಲ್ಲಿ ಸೋತದ್ದೂ ಉಂಟು. "ಬೆಂಚ್ ಮ್ಯಾಲೆ ಕುಂದ್ರಾಕ ಯಾರೂ ಹುಟ್ಟಿರಂಗಿಲ್ರಿ ಅಕ್ಕೋರ." ನಾನು ಅದನ್ನು ಒಂದು ಸ್ಲೋಗನ್ ಎಂದುಕೊಂಡು ಮುಗುಳ್ನಕ್ಕು ಬಿಟ್ಟಿದ್ದೆ. ಅದರ ಹಿಂದೆ ಏನಿದೆ ಎಂದು ತಿಳಿದದ್ದು ಅವರ ನೌಕರಿಯ ಕೊನೆಯ ವರ್ಷ, ನಾಟಕದ ನೆವದಲ್ಲಿ.

ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮ ಕಡೆ ಗ್ಯಾದರಿಂಗ್ ಅನ್ನುತ್ತಾರೆ. ಗ್ಯಾದರಿಂಗ್ ನಾಟಕ ಯಾವತ್ತೂ ಕನ್ನಡ ಟೀಚರ್ ಪಾಲಿನದು. ಆ ವರ್ಷ ಆಕೆ ಹೆರಿಗೆ ರಜೆಯ ಮೇಲೆ ಇದ್ದಳು. ಮೀಟಿಂಗಿನಲ್ಲಿ ಆಡಳಿತ ಮಂಡಳಿಯ ಚೇರ್ಮನ್ನರು, ಹತ್ತಿ ವ್ಯಾಪಾರದ ದೊಡ್ಡ ಕುಳ, ಮೊದಲೇ ಹೇಳಿಬಿಟ್ಟರು.

"ನಾಟಕಕ್ಕ ಒಂದ ತಾಸು ಕೊಡ್ತೀನಿ. ಹ್ವಾದ ವರ್ಷ ಮಂದಿ ಅರ್ಧಕ್ಕ ಎದ್ದು ಬಸ್ಸಿಗೆ ಓಡಿದ್ರು, ನಾ ಒಬ್ಬಾವ ಕುಂತಿದ್ದೆ. ಈ ಸಲಾನೂ ಎದ್ರು ಅಂದ್ರ ನಾಟಕ ಬಂದ್. ಬರೂ ವರ್ಷದಿಂದ ಬರೇ ರೆಕಾರ್ಡ್ ಡ್ಯಾನ್ಸ್."

ಎಲ್ಲರೂ ತಲೆ ತಗ್ಗಿಸಿದೆವು. ಹಿಂದಿನ ಕುರ್ಚಿಯಿಂದ ಪಿ.ಟಿ. ಸರ್ ಎದ್ದು ನಿಂತರು. ಮೀಟಿಂಗಿನಲ್ಲಿ ಅವರು ಬಾಯಿ ಬಿಟ್ಟದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

"ನಾ ಮಾಡಸ್ತೀನ್ರಿ. ಕಡೀ ಪರದೆ ಬೀಳೂತನಾ ಒಬ್ಬರೂ ಏಳಂಗಿಲ್ಲ."

"ನೀವು?" ಎಂದರು ಚೇರ್ಮನ್ನರು. "ನಾಟಕಾನೋ, ಕವಾಯತೋ?"

"ಎರಡೂ ಒಂದರಿ ಸಾಹೇಬ್ರ. ಕರೆಕ್ಟ್ ಟೈಮಿಗೆ ಬರೂದು, ಕರೆಕ್ಟ್ ಟೈಮಿಗೆ ಹೋಗೂದು. ಮಾತು ಅಕ್ಕೋರು ಬರ್ದ ಕೊಡ್ತಾರ."

ಹೀಗೆ ನನ್ನನ್ನು ಕೇಳದೆಯೇ ನಾನು ಪ್ಲೇರೈಟ್ ಆದೆ.

ನಾನು ಆರಿಸಿಕೊಂಡದ್ದು ಬಹಳ ಹಳೆಯ ಸಂಸ್ಕೃತ ನಾಟಕದ ಕಥೆ, ಎಲ್ಲರಿಗೂ ಗೊತ್ತಿರುವಂಥದು. ಬೇಟೆಗೆ ಬಂದ ರಾಜ ಆಶ್ರಮದ ಹುಡುಗಿಯನ್ನು ಮದುವೆಯಾಗಿ ಉಂಗುರ ಕೊಟ್ಟು ಹೋಗುತ್ತಾನೆ. ಮುನಿಯೊಬ್ಬರ ಶಾಪದಿಂದ ಅವಳನ್ನು ಮರೆಯುತ್ತಾನೆ. ಅವಳು ಅರಮನೆಗೆ ಬಂದರೂ ಗುರುತಿಸುವುದಿಲ್ಲ. ಕೊನೆಗೆ ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕು ನೆನಪು ಮರಳುತ್ತದೆ. ನಾನು ಅದನ್ನು ಮಾಡರ್ನ್ ಮಾಡಿದೆ. ರಾಜ ರಸ್ತೆ ಸರ್ವೆಗೆ ಬಂದ ಇಂಜಿನಿಯರ್ ಸಾಹೇಬನಾದ. ಹುಡುಗಿ ಕಲಘಟಗಿ ಕಡೆಯ ಒಂದು ಸಸಿ ನರ್ಸರಿಯಲ್ಲಿ ಬೆಳೆದವಳು. ಶಾಪ ಕೊಡುವ ಮುನಿ ಒಬ್ಬ ರಿಟೈರ್ಡ್ ಹೆಡ್‌ಮಾಸ್ತರ್, ಮನೆಗೆ ಬಂದವರನ್ನು ನೋಡದೆ ಮೊಬೈಲಿನಲ್ಲಿ ಮುಳುಗಿದ್ದವಳಿಗೆ, "ಅವನ ಫೋನಿನಾಗಿಂದ ನಿನ್ನ ನಂಬರ್ ಅಳಿಸಿ ಹೋಗ್ಲಿ!" ಎಂದು ಶಪಿಸುತ್ತಾನೆ. ಸರ್‌ಗೆ ಇದು ಬಹಳ ಹಿಡಿಸಿತು. "ಹೆಡ್‌ಮಾಸ್ತರು ಶಾಪ ಕೊಡೂದು ಅಗದಿ ನ್ಯಾಚುರಲ್ ಐತ್ರಿ" ಎಂದು ಮೆಲ್ಲಗೆ ಹೇಳಿ ಹಿಂದೆ ತಿರುಗಿ ನೋಡಿಕೊಂಡರು.

ಉಂಗುರದ ಬದಲು ಮೊಬೈಲ್ ಫೋನು ಕೆರೆಗೆ ಬೀಳುತ್ತದೆ ಎಂದು ಬರೆದಿದ್ದೆ. ಮೊದಲ ದಿನವೇ, ನಾಟಕ ಆಡಬೇಕಿದ್ದ ಒಂಬತ್ತನೇ ತರಗತಿಯಿಂದ ತಕರಾರು ಬಂತು.

"ಅಕ್ಕೋರ, ಮೀನಿನ ಹೊಟ್ಯಾಗ ಮೊಬೈಲ್ ಹೆಂಗ ಹಿಡಸ್ತೇತ್ರಿ?"

ನಾನು ಪೊಯೆಟಿಕ್ ಲೈಸೆನ್ಸ್ ಎಂದೇನೋ ಶುರು ಮಾಡಿದ್ದೆ. ಸರ್ ಒಂದೇ ಮಾತಿನಲ್ಲಿ ಬಗೆಹರಿಸಿದರು: "ಸಿಮ್ ಕಾರ್ಡ್ ನುಂಗ್ಲಿ ಬಿಡ್ರಿ."

ಪಾತ್ರ ಇದ್ದದ್ದು ಏಳು. ಮಕ್ಕಳು ನಲವತ್ತಮೂರು. ಆರಿಸೋಣ ಎಂದೆ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರೊನನ್ಸಿಯೇಶನ್ ನೋಡಿ ಆರಿಸುತ್ತಿದ್ದರು, ನಾನು ನಾಲ್ಕು ವರ್ಷ ಹೀರೋಯಿನ್. ಉಳಿದವರು ಎಲ್ಲಿ ಕೂತಿರುತ್ತಿದ್ದರೆಂದು ನನಗೆ ನೆನಪೇ ಇಲ್ಲ. ಸರ್ ನಲವತ್ತಮೂರೂ ಜನರಿಗೆ ಕೆಲಸ ಕೊಟ್ಟರು. ಹನ್ನೆರಡು ಸಸಿ, ಐದು ಜಿಂಕೆ, ನಾಲ್ಕು ಜನ ಸೇರಿ ಒಂದು ಬಸ್ಸು, ಇಬ್ಬರು ಮೀನು, ತುದಿಗಾಲಲ್ಲಿ ನಿಂತ ಒಬ್ಬ ಎತ್ತರದ ಹುಡುಗ ಮೊಬೈಲ್ ಟವರು. ಅವನು ತಲೆ ಬಗ್ಗಿಸಿದರೆ ನೆಟ್‌ವರ್ಕ್ ಹೋಯಿತೆಂದು ಅರ್ಥ. ಉಳಿದವರ ಕೈಗೆ ಪರದೆಯ ಹಗ್ಗ, ಸಾಮಾನು.

ನನ್ನ ಸ್ಕ್ರಿಪ್ಟನ್ನು ಅವರು ಎರಡು ದಿನ ಇಟ್ಟುಕೊಂಡು ಓದಿದರು. ಮೂರನೆಯ ದಿನ ಬೇವಿನ ಕಟ್ಟೆಯ ಮೇಲೆ ಕೂತು, "ಎಲ್ಲಾ ಛಲೋ ಐತ್ರಿ. ಒಂದ ಕಮ್ಮಿ. ದ್ವಾರಪಾಲಕ ಇಲ್ಲ" ಎಂದರು.

"ಸರ್, ಅದು ಮಾಡರ್ನ್ ಆಫೀಸು. ಗ್ಲಾಸ್ ಡೋರ್ ಇರುತ್ತೆ. ದ್ವಾರಪಾಲಕ ಯಾಕೆ?"

"ಬೇಕ್ರಿ" ಎಂದರು. ಶೂ ಲೇಸು ಬಿಚ್ಚಿ ಕಟ್ಟಿದರು. ಆಮೇಲೆ ಹೇಳಿದರು.

ಅವರ ಊರು ಬಮ್ಮಿಗಟ್ಟಿ. ಏಳನೆಯ ಇಯತ್ತೆಯಲ್ಲಿದ್ದಾಗ ಗ್ಯಾದರಿಂಗಿನಲ್ಲಿ ಇದೇ ಕಥೆಯ ನಾಟಕವಂತೆ. ಇವರು ದ್ವಾರಪಾಲಕ. ಕೈಯಲ್ಲಿ ಭರ್ಚಿ, ಬಾಯಲ್ಲಿ ಒಂದೇ ಮಾತು, ಅದೂ ಆ ಹುಡುಗಿ ಅರಮನೆಗೆ ಬರುವ ಕೊನೆಕೊನೆಯ ಸೀನಿನಲ್ಲಿ: "ಮಹಾಪ್ರಭೂ, ಹೊರಗೆ ಒಬ್ಬ ಹೆಣ್ಣುಮಗಳು ಬಂದು ನಿಂತಿದ್ದಾಳೆ." ಒಂದು ತಿಂಗಳು ಎಮ್ಮೆಯ ಮುಂದೆ, ಬಾವಿಯ ಮುಂದೆ ಹೇಳಿ ಹೇಳಿ ಕಲಿತರು. ಅವ್ವ ಹೊಲದ ಕೆಲಸ ಬಿಟ್ಟು ಬಂದು ಮೊದಲ ಸಾಲಿನಲ್ಲಿ ಕೂತಿದ್ದಳು.

"ನಾ ಭರ್ಚಿ ಹಿಡಕೊಂಡ ಪರದೆ ಹಿಂದ ನಿಂತೀನಿ. ಹೊರಗ ಕಡೀ ಬಸ್ಸಿನ ಕಂಡಕ್ಟರ್ ಫುರ್ರ್ ಅಂತ ಸೀಟಿ ಊದಿದ. ಮಂದಿ ಎಲ್ಲಾ ದಡದಡ ಎದ್ರು. ಗೆಸ್ಟ್ ಎದ್ರು, ಮಾಸ್ತರೂ ಎದ್ರು. ಪರದೆ ಬಿಟ್ರು. ಮುಗೀತು."

"ಅವ್ವ?"

"ಹಾದಿಗುಂಟ ಕೇಳಿದ್ಳು, ನಿಂದು ಯಾವಾಗ ಬರೂದಿತ್ತೋ ಅಂತ. ಆಕಿಗೆ ಅಲ್ಲೇ ಹೇಳಬಹುದಿತ್ರಿ. ಆದರ ಪರದೆ ಬಿದ್ದ ಮ್ಯಾಲೆ ಹೆಂಗ ಹೇಳೂದು?"

ಅವತ್ತೇ ನಾನು ಮನೆಗೆ ಹೋಗಿ ಒಬ್ಬ ವಾಚ್‌ಮನ್ ಪಾತ್ರ ಬರೆದೆ. ಅದು ಶಾಹೀನಾಗೆ ಹೋಯಿತು. ಜಮಖಾನ ನೇಯುವವರ ಮನೆಯ ಹುಡುಗಿ, ನೀಳ ಕೈಕಾಲು, ಮಾತು ಕಡಿಮೆ. ಸಾಹೇಬನ ಆಫೀಸಿನ ನೆಲಕ್ಕೆ ಹಾಸಲು ಜಮಖಾನವೂ ಅವರ ಮನೆಯಿಂದಲೇ ಬಂತು.

ಇನ್ನು ರಿಹರ್ಸಲ್. ನಲವತ್ತಮೂರು ಮಕ್ಕಳನ್ನು ಬಾಯಲ್ಲಿ ಕೂಗಿ ಒಳಗೆ ಹೊರಗೆ ಮಾಡುವುದು ಆಗದ ಮಾತು. ಸರ್ ತಮಗೆ ಬರುವ ವಿದ್ಯೆ ತೆಗೆದರು. ಒಂದು ಗಿಡ್ಡ ಸೀಟಿ ಅಂದರೆ ಎಂಟ್ರಿ. ಎರಡು ಗಿಡ್ಡ ಸೀಟಿ ಅಂದರೆ ಎಕ್ಸಿಟ್. ಒಂದು ಉದ್ದ ಸೀಟಿ ಅಂದರೆ ಪರದೆ. ಹದಿನೈದು ದಿನಗಳಲ್ಲಿ ಮಕ್ಕಳು ಎಷ್ಟು ಪಳಗಿದರೆಂದರೆ ಸೀಟಿ ಪೂರ್ತಿ ಊದುವ ಮೊದಲೇ ಕಾಲು ಎತ್ತುತ್ತಿದ್ದರು.

"ಸರ್, ಇದು ಡ್ರಾಮಾ, ಡ್ರಿಲ್ ಅಲ್ಲ. ಫೀಲಿಂಗ್ಸ್ ಎಲ್ಲಿ?" ಎಂದೆ.

"ಫೀಲಿಂಗ್ಸ್ ನೀವ್ ನೋಡ್ಕೋರಿ, ಟ್ರಾಫಿಕ್ ನಾ ನೋಡ್ಕೋತೀನಿ."

ಗ್ಯಾದರಿಂಗ್ ದಿನ ಮಧ್ಯಾಹ್ನ ನಾಲ್ಕಕ್ಕೇ ಮೈದಾನ ತುಂಬಿತು. ಸುತ್ತಲಿನ ಹಳ್ಳಿಗಳ ತಂದೆತಾಯಿಗಳು, ಮೊದಲ ಸಾಲಿನಲ್ಲಿ ಚೇರ್ಮನ್ನರು, ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ನಮ್ಮ ಹಳೆಯ ವಿದ್ಯಾರ್ಥಿಗಳು. ಪರದೆ ಸರಿಯಿತು. ಸಸಿಗಳು, ಜಿಂಕೆಗಳು, ಹುಡುಗಿ. ಎಲ್ಲ ಚೆನ್ನಾಗಿತ್ತು. ಆಮೇಲೆ ಕರಿ ಕನ್ನಡಕ ಹಾಕಿಕೊಂಡು ರಟ್ಟಿನ ಬೈಕಿನ ಮೇಲೆ ಇಂಜಿನಿಯರ್ ಸಾಹೇಬ ಬಂದ.

ನಮ್ಮ ಕಡೆ ಹೀರೋ ಬಂದರೆ ಮಂದಿ ಏನು ಮಾಡುತ್ತಾರೆಂದು ನನಗಾಗಲಿ ಸರ್‌ಗಾಗಲಿ ಆ ಕ್ಷಣದ ತನಕ ಹೊಳೆದಿರಲಿಲ್ಲ. ಗೋಡೆಯ ಮೇಲಿನವರು ಬಾಯಲ್ಲಿ ಬೆರಳಿಟ್ಟರು.

ಫುರ್ರ್! ಫುರ್ರ್ ಫುರ್ರ್! ಫುರ್ರ್ರ್ರ್ರ್!

ಒಂದು ಸೀಟಿಗೆ ಮೀನುಗಳು ನರ್ಸರಿಯೊಳಗೆ ಈಜಿ ಬಂದವು. ಎರಡು ಸೀಟಿಗೆ ಹನ್ನೆರಡೂ ಸಸಿಗಳು ಎದ್ದು ಲೆಫ್ಟ್ ರೈಟ್ ಮಾಡುತ್ತ ಹೊರಟವು, ಹುಡುಗಿಯನ್ನೂ ಎಳೆದುಕೊಂಡು ಹೋದವು. ಮತ್ತೊಂದು ಸೀಟಿಗೆ ಬಸ್ಸು ಬಂತು, ಜಿಂಕೆಗಳಿಗೆ ಡಿಕ್ಕಿ ಹೊಡೆಯಿತು. ಹೆಡ್‌ಮಾಸ್ತರ್ ಪಾತ್ರದವನು ಬಂದವನೇ, ಇನ್ನೂ ಪ್ರೀತಿಯೇ ಶುರುವಾಗದ ಜೋಡಿಗೆ ಶಾಪ ಕೊಟ್ಟ. ಟವರ್ ಮಾತ್ರ ನಡುವೆ ಅಲುಗಾಡದೆ ನಿಂತಿತ್ತು. ಅಷ್ಟರಲ್ಲಿ ಉದ್ದ ಸೀಟಿ ಕೇಳಿ ಹಗ್ಗ ಹಿಡಿದವರು ಪರದೆ ಎಳೆದುಬಿಟ್ಟರು.

ಮೈದಾನ ಬಿದ್ದು ಬಿದ್ದು ನಕ್ಕಿತು. ಚೇರ್ಮನ್ನರು ಗಡಿಯಾರ ನೋಡಿಕೊಂಡರು. ನಾನು ವಿಂಗ್‌ನಲ್ಲಿ ಕಣ್ಣು ಮುಚ್ಚಿ, ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನೂ ಅತ್ತೆಯ ಮನೆಯಲ್ಲಿ ಕಲಿತ ಮಂತ್ರವನ್ನೂ ಕೂಡಿಸಿ ಹೇಳಿಕೊಂಡೆ.

ಪಿ.ಟಿ. ಸರ್ ಪರದೆಯ ಮುಂದೆ ಬಂದು ಅಟೆನ್ಶನ್ನಿನಲ್ಲಿ ನಿಂತರು.

"ನಗ್ರಿ, ನಗೂಹಂಗ ಆಗೇತಿ. ಹುಡುಗರದು ತಪ್ಪಿಲ್ಲ. ಸೀಟಿ ಕೇಳಿದ್ರ ಮಾತ ಕೇಳ್ರಿ ಅಂತ ನಾನ ಕಲಿಸಿದ್ದು. ಗ್ವಾಡಿ ಮ್ಯಾಲಿನ ಶಾಣ್ಯಾರಿಗೂ ನಾನ ಕಲಿಸೀನಿ, ಅದೂ ನನ್ನ ತಪ್ಪ." ಕೊರಳಿನ ಸೀಟಿ ತೆಗೆದು, ಕೆಂಪು ಹಗ್ಗದ ಸಮೇತ ಚೇರ್ಮನ್ನರ ಕೈಗೆ ಕೊಟ್ಟರು. "ಸಾಹೇಬ್ರ, ಇದು ನಿಮ್ಮ ಹಂತೇಕ ಇರ್ಲಿ. ಇನ್ನ ಯಾರೂ ಊದಂಗಿಲ್ಲ, ನಾನೂ ಊದಂಗಿಲ್ಲ. ಚಪ್ಪಾಳಿ ಎಷ್ಟರ ಹೊಡೀರಿ."

ಒಳಗೆ ಬಂದು ಮಕ್ಕಳಿಗೆ, "ಸೀಟಿ ಬಂದ್. ನನ್ನ ಕೈ ನೋಡ್ರಿ" ಎಂದರು. ನಾಟಕ ಮೊದಲಿನಿಂದ ಶುರುವಾಯಿತು. ಬಲಗಡೆಯ ವಿಂಗ್‌ನಲ್ಲಿ ನಿಂತು ಅವರು ಕೈ ಎತ್ತಿದರೆ ಮಕ್ಕಳು ಬಂದರು, ಇಳಿಸಿದರೆ ಹೋದರು. ಮಂದಿ ಈಗ ಬೇರೆ ಥರ ನೋಡುತ್ತಿದ್ದರು, ಎಲ್ಲಿ ತಪ್ಪುತ್ತಾರೋ ಎಂದು ತಾವೇ ಕಾಳಜಿಯಿಂದ ಕುತ್ತಿಗೆ ಮುಂದೆ ಮಾಡಿ. ಶಾಪಕ್ಕೆ ಅಯ್ಯೋ ಅಂದರು. ಟವರ್ ತಲೆ ಬಗ್ಗಿಸಿದಾಗ ಹೆಂಗಸರ ಕಡೆಯಿಂದ "ಪಾಪ, ನೆಟ್‌ವರ್ಕ್ ಹೋತು" ಎಂಬ ನಿಟ್ಟುಸಿರು ಬಂತು.

ಕೊನೆಗೆ ಸಾಹೇಬನ ಆಫೀಸು. ವಾಚ್‌ಮನ್ ಬಂದು ಹೇಳಬೇಕು. ಶಾಹೀನಾ ನಿಂತಿದ್ದದ್ದು ಎಡಗಡೆ, ಆಫೀಸಿನ ಕಪಾಟು ಎಂದು ನಿಲ್ಲಿಸಿದ್ದ ಫ್ರಿಜ್ಜಿನ ದೊಡ್ಡ ರಟ್ಟಿನ ಡಬ್ಬಿಯ ಹಿಂದೆ. ಅಲ್ಲಿಂದ ಸರ್ ಕೈ ಕಾಣುವುದಿಲ್ಲ. ಸರ್ ಕೈ ಎತ್ತಿದರು. ಯಾರೂ ಬರಲಿಲ್ಲ. ಎರಡೂ ಕೈ ಎತ್ತಿದರು.

"ಯಾರದು ಹೊರಗೆ?" ಎಂದ ಸಾಹೇಬ. ಏನೂ ಇಲ್ಲ. "ಯಾರೋ ಹೊರಗೆ ಇದ್ದ ಹಂಗಿದೆ" ಎಂದ, ಪಾಪ, ತನ್ನದೇ ಮಾತು ಸೇರಿಸಿ.

ಸ್ಟೇಜ್ ಖಾಲಿ. ಅದೇ ಹೊತ್ತಿಗೆ ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿತು. ಮುಗಿಯಿತೆಂದುಕೊಂಡು ಮೂರನೆಯ ಸಾಲಿನ ಒಬ್ಬರು ಟವೆಲ್ ಝಾಡಿಸಿ ಎದ್ದರು. ಅವರ ಹಿಂದೆ ಇಬ್ಬರು. ಆಮೇಲೆ ಒಂದು ಸಾಲು. ಸರ್ ಕೈ ತನ್ನಷ್ಟಕ್ಕೆ ಕೊರಳಿಗೆ ಹೋಯಿತು. ಅಲ್ಲಿ ಸೀಟಿ ಇರಲಿಲ್ಲ. ಅವರ ಮುಖವನ್ನು ನಾನು ಆಗ ನೋಡಿದೆ, ಭರ್ಚಿ ಹಿಡಿದು ಪರದೆಯ ಹಿಂದೆ ನಿಂತಿದ್ದಾಗ ಹೀಗೇ ಇದ್ದಿರಬೇಕು.

ಫುರ್ರ್!

ಗಿಡ್ಡಗೆ, ಒಂದೇ ಒಂದು. ಮೊದಲ ಸಾಲಿನಿಂದ. ಚೇರ್ಮನ್ನರು ಕೆನ್ನೆ ಉಬ್ಬಿಸಿಕೊಂಡು ಕೂತಿದ್ದರು.

ಎದ್ದವರು ಎದ್ದಲ್ಲೇ ನಿಂತರು. ಕಪಾಟಿನ ಹಿಂದಿನಿಂದ ಶಾಹೀನಾ ದಾಪುಗಾಲು ಹಾಕಿ ಬಂದಳು, ಸೆಲ್ಯೂಟ್ ಹೊಡೆದಳು, ಇಡೀ ಮೈದಾನಕ್ಕೆ ಕೇಳುವಂತೆ ಹೇಳಿದಳು: "ಸಾಹೇಬ್ರ, ಹೊರಗ ಒಬ್ಬ ಹೆಣ್ಮಗಳು ಬಂದು ನಿಂತಾಳ್ರಿ!"

ಪಕ್ಕದಲ್ಲಿ ಸರ್ ತುಟಿಗಳು ಅವಳ ಜೊತೆ ಜೊತೆಗೇ ಅಲುಗಾಡಿದವು. 'ಸಾಹೇಬ್ರ' ಎಂಬಲ್ಲಿ ಮಾತ್ರ ಅವರದು ಬೇರೆ ಇತ್ತು.

ಮಂದಿ ಕೂತರು. ಸಿಮ್ ಕಾರ್ಡ್ ನುಂಗಿದ ಮೀನು ಬಂತು, ನೆನಪು ಬಂತು, ಟವರ್ ತಲೆ ಎತ್ತಿತು. ಕೊನೆಯ ಉದ್ದ ಸೀಟಿಯನ್ನು ಚೇರ್ಮನ್ನರೇ ಊದಿದರು. "ನಾ ಎಲ್ಲಾ ನೋಡಿ ಇಟ್ಟಿದ್ದೆ. ಉದ್ದ ಸೀಟಿ ಅಂದ್ರ ಪರದೆ, ಹೌದಲ್ಲೋ?" ಎಂದು ಮಕ್ಕಳೆದುರು ಹೆಮ್ಮೆಪಟ್ಟರು. ರೆಕಾರ್ಡ್ ಡ್ಯಾನ್ಸಿನ ಮಾತು ಮತ್ತೆ ಬರಲಿಲ್ಲ.

"ಸೀಟಿ ಬಂದ್ ಅಂದಿದ್ರಲ್ಲ, ಹೆಂಗೆ ಬಂದೆ?" ಎಂದು ಶಾಹೀನಾಳನ್ನು ಕೇಳಿದೆ.

"ಅದು ಸರ್ ಸೀಟಿರಿ ಅಕ್ಕೋರ, ಸೌಂಡ್ ಗೊತ್ತಾಗ್ತೇತಿ."

"ಮತ್ತೆ ಮೊದಲು ಗೋಡೆಯವರು ಊದಿದಾಗ ಯಾಕೆ ಗೊತ್ತಾಗಲಿಲ್ಲ?"

"ಆಗ ಅಂಜಿಕಿ ಬಂದಿತ್ತರಿ" ಎಂದು ನಕ್ಕಳು.

ಆಮೇಲಿನದು ಹೆಚ್ಚಿಲ್ಲ. ಸರ್ ಆ ವರ್ಷ ರಿಟೈರ್ ಆದರು, ಎರಡು ವರ್ಷಕ್ಕೆ ನಾನು. ಗಂಡ ಹೋದ ಮೇಲೆ ಹುಬ್ಬಳ್ಳಿಗೆ, ಅಕ್ಕನ ಹತ್ತಿರ ಬಂದೆ. ಹೋದ ವರ್ಷದ ಗ್ಯಾದರಿಂಗಿಗೆ ಹಳೆಯ ಶಿಕ್ಷಕರನ್ನೆಲ್ಲ ಕರೆದಿದ್ದರು. ಈಗಲೂ ನಾಟಕ ಇದೆ, ಈಗಲೂ ಇಡೀ ತರಗತಿ ಸ್ಟೇಜ್ ಹತ್ತುತ್ತದೆ. ಮುಗಿದ ಮೇಲೆ ಸರ್ ನನ್ನನ್ನು ಬಸ್ಸಿಗೆ ಬಿಡಲು ಬಂದರು. ತೆಳ್ಳಗಾಗಿದ್ದರು. ಶೂ ಮಾತ್ರ ಅಷ್ಟೇ ಬೆಳ್ಳಗಿತ್ತು, ಕೊರಳಲ್ಲಿ ಕೆಂಪು ಹಗ್ಗವೂ ಇತ್ತು.

"ಇನ್ನೂ ಯಾಕೆ ಸರ್ ಇದು?"

"ಓಣ್ಯಾಗ ದನ ಅಡ್ಡ ಬರ್ತಾವ್ರಿ" ಎಂದರು, ಗಂಭೀರವಾಗಿ.

ಹುಬ್ಬಳ್ಳಿ ಬಸ್ಸು ತುಂಬುತ್ತಿತ್ತು. ನನ್ನ ಮೊಣಕಾಲು ನೋವು ಕಂಡು, "ನೀವ್ ಸಾವಕಾಶ ಬರ್ರಿ, ನಾ ಸೀಟ್ ಹಿಡೀತೀನಿ" ಎಂದು ಮುಂದೆ ಹೋಗಿ ಕಿಟಕಿಯ ಬದಿಗೆ ಕರವಸ್ತ್ರ ಹಾಕಿದರು. ನಾನು ಇನ್ನೂ ಹತ್ತು ಹೆಜ್ಜೆ ದೂರವಿದ್ದೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು. ನಾನು ನಿಂತುಬಿಟ್ಟೆ, ಹೋಯಿತು ಎಂದುಕೊಂಡು.

ಒಳಗಿನಿಂದ ಇನ್ನೊಂದು ಸೀಟಿ ಬಂತು, ಗಿಡ್ಡಗೆ, ಒಂದೇ. ಬಸ್ಸು ಗಕ್ಕನೆ ನಿಂತಿತು. ಬಾಗಿಲಲ್ಲಿ ಪಿ.ಟಿ. ಸರ್. ಒಂದು ಕೈಯಲ್ಲಿ ಕಂಬಿಯನ್ನು ಭರ್ಚಿಯ ಹಾಗೆ ಹಿಡಿದಿದ್ದಾರೆ. ಡ್ರೈವರನ ಕಡೆ ತಿರುಗಿ, ಬಸ್ಸಿನಲ್ಲಿ ನಿಂತವರಿಗೆ, ಕೂತವರಿಗೆ, ಸ್ಟ್ಯಾಂಡಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದರು:

"ಮಹಾಪ್ರಭೂ! ಹೊರಗೆ ಒಬ್ಬ ಹೆಣ್ಣುಮಗಳು ಬಂದು ನಿಂತಿದ್ದಾಳೆ!"

ಬಸ್ಸು ನಕ್ಕಿತು. "ಒಳಗ ಬರಮಾಡ್ಕೋರಿ ಹಂಗಾರ" ಎಂದ ಡ್ರೈವರ್. ಯಾರೋ ಕೈ ಕೊಟ್ಟು ನನ್ನನ್ನು ಹತ್ತಿಸಿಕೊಂಡರು. ಸರ್ ಇಳಿದು ಕಿಟಕಿಯ ಕೆಳಗೆ ಬಂದು ನಿಂತರು. ಸೀಟಿಯನ್ನು ಬಾಯಿಗಿಟ್ಟುಕೊಂಡು, ನನ್ನನ್ನೇ ನೋಡುತ್ತ, ಒಂದು ಉದ್ದ ಸೀಟಿ ಊದಿದರು.

"ನಂದ ಕೆಲಸ ನೀವ ಮಾಡ್ತೀರಲ್ರಿ" ಎಂದು ಕಂಡಕ್ಟರ್ ರೇಗಿದ. ಡ್ರೈವರ್ ಆಗಲೇ ಗೇರ್ ಹಾಕಿದ್ದ.